ಊದಿದ ಗಂಜಿ

"ಮಗುವಿಗೆ ಜ್ವರ ಬರೂಕಿಂತ ಮುಂಚೆ, ಹದಿನೈದು ದಿವಸದಾಗ, ಮನ್ಯಾಗ ಯಾರಿಗರ ಶೀತ ಆಗಿತ್ತೇನ್ರಿ?"

ಡಾಕ್ಟರ್ ದಾಕ್ಷಾಯಿಣಿ ಪೆನ್ನು ಹಿಡಿದು ಕಾದರು. ಯಲ್ಲಾಪುರದಿಂದ ವಜ್ರಳ್ಳಿಯವರೆಗೆ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡೇ ತಂದ, ರಕ್ತದ ಮಾದರಿ ಒಯ್ಯುವ ಐಸ್ ಪೆಟ್ಟಿಗೆ ಜಗಲಿಯ ಮೇಲಿತ್ತು.

"ಯಾರಿಗೂ ಇರ್ಲಿಲ್ಲ ಮೇಡಂ," ಎಂದಳು ಮಗುವಿನ ತಾಯಿ ಸೌಮ್ಯ.

ಅತ್ತೆ ಗಂಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾಲ್ಕು ತಿಂಗಳ ಹಿಂದೆ ಮೊಮ್ಮಗಳು ದಿವ್ಯಾಳಿಗೆ ಆರು ದಿನ ಜ್ವರ ಇಳಿದಿರಲಿಲ್ಲ. ಕಣ್ಣು ಕೆಂಪಾಗಿ, ಬೆರಳ ತುದಿಯ ಚರ್ಮ ಸುಲಿಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಪುಟ್ಟ ಮಕ್ಕಳಿಗೆ ಬರುವ ಕವಾಸಾಕಿ ಕಾಯಿಲೆ, ಹೃದಯದ ರಕ್ತನಾಳ ಬಾತಿದೆ ಎಂದರು. ದೇವರು ದೊಡ್ಡವನು, ಮಗು ಉಳಿಯಿತು. ಆದರೆ ಅದಕ್ಕೆ ವಾರ ಮುಂಚೆ ಗಂಗೆಗೆ ಮೂಗು ಸೋರುತ್ತಿತ್ತು. ತಿಳಿದರೆ ಸೊಸೆ ಮಗುವನ್ನು ಹತ್ತಿರ ಬಿಡಲಾರಳೆಂದು ಮುಚ್ಚಿಟ್ಟು, ಅವಳು ಗದ್ದೆಗೆ ಹೋದಾಗ ಗಂಜಿ ಊದಿ ಊದಿ ಕುಡಿಸಿದ್ದಳು. ಜ್ವರ ಬಂದಂದಿನಿಂದ ಮಗುವಿನ ಬಟ್ಟಲು ಮುಟ್ಟಿಲ್ಲ. ತುಳಸಿಯ ಮುಂದೆ ಬಿಟ್ಟರೆ ಬೇರೆಲ್ಲೂ ಬಾಯಿ ಬಿಟ್ಟಿಲ್ಲ.

"ನಂಗೆ ಇತ್ತು," ಎಂದಳು. "ಊದಿ ಕುಡ್ಸಿದ್ದೂ ನಾನೇಯ. ಬರ್ಕಳಿ."

"ಎಂತ ಹೇಳ್ತೀರಿ ಅತ್ತೆ!"

ದಾಕ್ಷಾಯಿಣಿ ಬರೆದುಕೊಂಡರು.

"ನನ್ನಿಂದ್ಲೇ ಬಂತಾ?"

"ಗೊತ್ತಿಲ್ರಿ ಅಜ್ಜಿ. ಯಾವುದೋ ವೈರಸ್ ಕಾರಣ ಇರಬಹುದಂತ ಹನ್ನೊಂದು ವರ್ಷದಿಂದ ಹುಡುಕಾಕತ್ತೀನಿ, ಸಿಕ್ಕಿಲ್ಲ. ನಿಮ್ಮ ಶೀತ ಬ್ಯಾರೆ ಮಕ್ಕಳಿಗೆ ಹತ್ತಿತ್ತೇನು?"

"ಪಕ್ಕದ್ಮನೆ ಸುನೀಲಂಗೆ ಹತ್ತಿತ್ತು. ಎರಡೇ ದಿನ. ಮೂಗು ಒರ್ಸಕಂಡು ಆಡ್ತಿದ್ದ."

"ಅವಗ್ಯಾಕ ಬರಲಿಲ್ಲ, ಇಕಿಗ್ಯಾಕ ಬಂತು? ಅದನ್ನ ಹುಡುಕೋದು. ಭಾಳ ಮನ್ಯಾಗ 'ಇಲ್ಲ' ಅಂದುಬಿಡ್ತಾರ. ಬಂದು ಹೋದ ವೈರಸ್ಸಿನ ಗುರುತು ರಕ್ತದಾಗ ಉಳಿದಿರ್ತೈತಿ. ಮಗುವಿನ ಜೊತಿ ನಿಮ್ಮದೂ ಸ್ವಲ್ಪ ಕೊಡ್ತೀರೇನು?"

'ನಿಮ್ಮಿಂದಲ್ಲ ಬಿಡಿ' ಎಂದು ಡಾಕ್ಟರು ಒಂದು ಮಾತು ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಹನ್ನೊಂದು ವರ್ಷ 'ಗೊತ್ತಿಲ್ಲ' ಎನ್ನುತ್ತಲೇ ಬಸ್ಸು ಹತ್ತುವ ಈ ಹೆಂಗಸಿನ ಮುಖ ಗಂಗೆಗೆ ವ್ರತ ಹಿಡಿದವರ ಮುಖದಂತೆ ಕಂಡಿತು. ತೋಳು ಚಾಚಿದಳು.

"ತಗಳಿ. ಗದ್ದೆಲಿ ಕಾಲಿಗೆ ಕಚ್ಚೋ ಉಂಬಳ ಕುಡಿದಷ್ಟೂ ರಕ್ತ ಇಲ್ಲ ಇದು."

ಡಾಕ್ಟರು ನಕ್ಕರು. ಅಜ್ಜಿ, ಮೊಮ್ಮಗಳ ರಕ್ತ ತುಂಬಿದ ಎರಡು ಪುಟ್ಟ ಕೊಳವೆಗಳನ್ನು ಪೆಟ್ಟಿಗೆಯಲ್ಲಿಟ್ಟು, ಅದನ್ನು ಎದೆಗವಚಿಕೊಂಡು ಬಸ್ಸಿಗೆ ನಡೆದರು.

ಸೌಮ್ಯ ಒಳಗಿಂದ ಗಂಜಿ ತಂದು ಮಗಳ ಮುಂದಿಟ್ಟಳು. ದಿವ್ಯಾ ಒಂದು ಗುಟುಕಿಗೇ ಮುಖ ಕಿವುಚಿದಳು.

"ಸುಡ್ತದೆ. ಅಜ್ಜಿ, ಊದು."

ಗಂಗೆ ಸೊಸೆಯ ಮುಖ ನೋಡಿದಳು. ಸೌಮ್ಯ ಬಟ್ಟಲನ್ನು ಅವಳತ್ತ ಸರಿಸಿ ಒಳಗೆ ಹೋದಳು.

ಗಂಗೆಯ ಉಸಿರಿಗೆ ಗಂಜಿಯ ಆವಿ ಒಮ್ಮೆ ಬಾಗಿ, ಮತ್ತೆ ನೆಟ್ಟಗಾಯಿತು.