ಮಂಗಳವಾರದ ಲ್ಯಾಬಿನಲ್ಲಿ ಗಾವ್‌ನೂ

ಸೇಂಟ್ ಪಾಲ್ ನಗರದ, ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಒಂದು ಚಾರ್ಟರ್ ಶಾಲೆಯಲ್ಲಿ ಹನ್ನೊಂದನೇ ತರಗತಿಯವರು ವಾರಕ್ಕೆ ಎರಡು ದಿನ ಕಾಲೇಜಿಗೇ ಹೋಗಿ ಪಾಠ ಕೇಳಬೇಕು. ಪಾಸಾಗುತ್ತ ಹೋದರೆ ಶಾಲೆ ಮುಗಿಯುವಷ್ಟರಲ್ಲಿ ಕಾಲೇಜಿನ ಎರಡು ವರ್ಷವೂ ಮುಗಿದಿರುತ್ತದೆ. ಹದಿನಾರರ ಗಾವ್‌ನೂ ಮೋವಾಳಿಗೆ ಸಿಕ್ಕಿದ್ದು ಮಂಗಳವಾರ ಬೆಳಗಿನ ಅಂಗರಚನಾ ಲ್ಯಾಬು. ಆ ಲ್ಯಾಬಿನಲ್ಲಿ ಅವಳ ಶಾಲೆಯವರು ಬೇರೆ ಯಾರೂ ಇರಲಿಲ್ಲ. ಎಂಟು ವಾರ ಅವಳು ಬಾಯಿಬಿಟ್ಟಿರಲಿಲ್ಲ. "ಇಲ್ಲಿ ವಯಸ್ಸು ನೋಡಿ ಮಾರ್ಕ್ಸ್ ಕೊಡಲ್ಲ" ಎಂದು ಪ್ರೊಫೆಸರ್ ಲಿಂಡ್‌ಗ್ರೆನ್ ಮೊದಲ ದಿನವೇ ಹೇಳಿದ್ದರು.

ಒಂಬತ್ತನೇ ವಾರ ಪ್ರತಿ ಮೇಜಿಗೂ ಒಂದೊಂದು ಹಂದಿಯ ಹೃದಯ ಬಂತು. ಗಾವ್‌ನೂಳ ಜೊತೆಗಾರ ಡ್ವೇನ್, ಮೂವತ್ತು ವರ್ಷ ಲಾರಿ ಓಡಿಸಿ, ಬೆನ್ನು ನೋವಾಗಿ, ಈಗ ನರ್ಸ್ ಆಗಲು ಓದುತ್ತಿದ್ದವನು. ತಟ್ಟೆ ನೋಡಿದ್ದೇ ತಡ, ಅವನು ಬಿಳಿಚಿಕೊಂಡು ಸ್ಟೂಲಿನ ಮೇಲೆ ಕುಸಿದ.

"ನಿಂಗೇನೂ ಆಗ್ತಿಲ್ವಾ, ಮರಿ?"

"ಏನಾಗ್ಬೇಕು? ನಮ್ ಜನರ ಹೊಸ ವರ್ಷಕ್ಕೆ ಮನೇಲೇ ಹಂದಿ ಕಡೀತೀವಿ. ಹೃದಯ, ಲಿವರ್ ತೊಳ್ಯೋದು ನನ್ ಕೆಲ್ಸ."

ಮಾತು ಜಾರಿಬಿಟ್ಟಿತ್ತು. ಏಳನೇ ತರಗತಿಯಲ್ಲಿ ಹೀಗೇ ಹೇಳಿದ್ದಕ್ಕೆ ಹುಡುಗಿಯರು ಮೂಗು ಮುಚ್ಚಿಕೊಂಡು ವರ್ಷವಿಡೀ ಆಡಿಕೊಂಡಿದ್ದರು. ಅವಳ ಕಿವಿ ಬಿಸಿಯಾಯಿತು.

ಡ್ವೇನ್ ಮಾತ್ರ ಗಹಗಹಿಸಿ ನಕ್ಕ. "ಅಯ್ಯೋ ಪುಣ್ಯಾತ್ಗಿತ್ತಿ, ಮೊದ್ಲೇ ಹೇಳ್ಬಾರ್ದಾ! ಹಿಡಿ ಕತ್ರಿ. ನಾನು ಬರ್ಕೋತೀನಿ."

ಗಾವ್‌ನೂ ಕತ್ತರಿ ಮುಟ್ಟಲಿಲ್ಲ. ಹೃದಯವನ್ನು ಅಂಗೈಯಲ್ಲಿಟ್ಟುಕೊಂಡು ಮೇಲಿನ ದಪ್ಪ ನಾಳಕ್ಕೆ ಲೋಟದಿಂದ ನೀರು ಸುರಿದಳು. ನೀರು ಕೆಳಗಿಳಿಯಲಿಲ್ಲ. ಒಳಗೆ ಮೂರು ಪುಟ್ಟ ಬಟ್ಟಲುಗಳು ಉಬ್ಬಿ, ಒಂದಕ್ಕೊಂದು ಒತ್ತಿಕೊಂಡು ದಾರಿ ಮುಚ್ಚಿದ್ದವು.

"ಡ್ವೇನ್, ನೋಡಿ! ನೋಡಿ ಇಲ್ಲಿ! ಇದೇ ಕವಾಟ! ಮನೇಲಿ ತೊಳ್ಯುವಾಗೆಲ್ಲ ನೀರು ಇಲ್ಲೇ ನಿಲ್ತಿತ್ತು. ಕಸ ಸಿಕ್ಕಿದೆ ಅಂತ ನಾನು ಬೆರಳು ಹಾಕಿ ಕೆದಕ್ತಿದ್ದೆ!"

ಅಷ್ಟು ಜೋರಾಗಿ ಕೂಗಿದ್ದು ಅವಳಿಗೇ ಗೊತ್ತಾಗಲಿಲ್ಲ. ಪಕ್ಕದ ಮೇಜಿನವರು ಎದ್ದು ಬಂದರು, ಅವರ ಹಿಂದೆ ಇನ್ನಷ್ಟು ಜನ. ಲಿಂಡ್‌ಗ್ರೆನ್ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಇನ್ನೊಂದ್ಸಲ ಸುರಿಯಮ್ಮ. ಎಲ್ಲರಿಗೂ ಕಾಣೋ ಹಾಗೆ."

ಅವಳು ಸುರಿದಳು. ಆಮೇಲೆ ಕತ್ತರಿ ಹಿಡಿದು ಹೃದಯದ ಎಡ ಕೋಣೆಯನ್ನು ಒಂದೇ ಗೆರೆಯಲ್ಲಿ ಬಿಡಿಸಿ, ದಾರದಂಥ ಬಿಳಿ ಎಳೆಗಳನ್ನು ಬೆರಳಿನಿಂದ ಎತ್ತಿ ತೋರಿಸಿದಳು. ಡ್ವೇನ್ ಕೂಡ ಎದ್ದು ಬಂದು, ಒಂದು ಕಣ್ಣು ಮುಚ್ಚಿಕೊಂಡೇ ಆ ಎಳೆ ಮುಟ್ಟಿದ.

ಲ್ಯಾಬ್ ಮುಗಿದಾಗ ಲಿಂಡ್‌ಗ್ರೆನ್ ಅವಳನ್ನು ಬಾಗಿಲ ಬಳಿ ತಡೆದರು. "ಮುಂದಿನ ಟರ್ಮ್‌ಗೆ ಎರಡನೇ ಭಾಗ ಇದೆ. ಹೈಸ್ಕೂಲಿನವರನ್ನ ಅದಕ್ಕೆ ನಾನು ಸೇರಿಸ್ಕೊಳ್ಳಲ್ಲ. ಆದ್ರೆ ನೀನು ಹೆಸರು ಬರೆಸು."

ಹಿಮ ತುಳಿಯುತ್ತ ಶಾಲೆಯ ವ್ಯಾನಿನ ಕಡೆ ಓಡುತ್ತಲೇ ಅವಳು ಮನೆಗೆ ಫೋನ್ ಮಾಡಿದಳು. ಅಜ್ಜಿ ಎತ್ತಿದರು. ಗಾವ್‌ನೂ ಏದುಸಿರಿನಲ್ಲೇ ಎಲ್ಲ ಒದರಿದಳು.

"ಹಂದಿ ಹೃದಯಾನಾ?" ಎಂದರು ಅಜ್ಜಿ. "ಪಾಠ ಆದ್ಮೇಲೆ ಅದನ್ನ ಏನ್ ಮಾಡಿದ್ರು?"

"ಎಸೆದ್ರು ಅಜ್ಜಿ. ಕೆಡದ ಹಾಗೆ ಔಷಧಿ ಹಾಕಿರ್ತಾರೆ, ತಿನ್ನೋಕಾಗಲ್ಲ."

"ಇಡೀ ಹೃದಯಾನ! ಅಷ್ಟು ಓದಿರೋ ಜನ!"

ಗಾವ್‌ನೂ ನಗು ತಡೆಯಲಾರದೆ ವ್ಯಾನಿನ ಬಾಗಿಲು ಹಿಡಿದು ನಿಂತಳು. ಬೇರೆ ಪಾಠ ಮುಗಿಸಿ ಒಳಗೆ ಕೂತಿದ್ದ ಶಾಲೆಯ ಗೆಳತಿಯರು ಏನಾಯ್ತೇ, ಏನಾಯ್ತೇ ಎಂದು ಕೂಗುತ್ತಿದ್ದರು.