ಸಣ್ಣತಿಮ್ಮಪ್ಪನ ಬಿಳಿ ಕಣಗಳು

ಚಂದ್ರಕ್ಕ ಗಂಡನ ಎಡಗೈ ಎತ್ತಿ ಹಿಡಿದು ಬಿಸಿನೀರು ಸುರಿಯುತ್ತಿದ್ದಾಗ ಓಣಿಯ ತುದಿಯಲ್ಲಿ ಆಟೋ ನಿಂತಿತು. ತಿಳಿನೀಲಿ ಸೀರೆಯ ಹೆಂಗಸೊಬ್ಬಳು ಇಳಿದಳು. ಎಂಟು ವರ್ಷದ ಮೇಲೆ ನೋಡುತ್ತಿದ್ದರೂ ಚಂದ್ರಕ್ಕನಿಗೆ ತಕ್ಷಣ ಗುರುತು ಹತ್ತಿತು. ಶೋಭಾರಾಣಿ.

“ಅವ್ಳಿಗ್ ಯಾರು ಹೇಳಿ ಕಳ್ಸಿದ್ದು?” ಪಕ್ಕದಲ್ಲಿದ್ದ ಅಣ್ಣ ಕೆಂಚಣ್ಣನನ್ನು ಕೇಳಿದಳು.

“ಕಾಲೇಜಿಗೆ ಫೋನ್ ಮಾಡಿದ್ನಲ್ಲವ್ವ, ಅವರೇ ತಿಳ್ಸಿರ್ಬೇಕು. ಸತ್ತ ಮನೇಗ್ ಬಂದೋರ್ನ ಯಾಕ್ ಬಂದ್ರಿ ಅನ್ನಾಕಾಗ್ತೈತಾ? ನೀರ್ ಹಾಕು.”

ಸಣ್ಣತಿಮ್ಮಪ್ಪ ಚಿತ್ರದುರ್ಗದ ಕಾಲೇಜೊಂದರಲ್ಲಿ ಅಟೆಂಡರ್ ಆಗಿದ್ದ, ಮೊದಮೊದಲು ಅಲ್ಲಿನ ಪ್ರಯೋಗಾಲಯದಲ್ಲಿ. ಬಬ್ಬೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಹಿಂದಿನ ಸಂಜೆ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ಎದೆ ಹಿಡಿದುಕೊಂಡು ಕುಸಿದಿದ್ದ. ಐವತ್ತೊಂದು ವರ್ಷ. ಸುದ್ದಿ ಬಂದಾಗಿನಿಂದ ಚಂದ್ರಕ್ಕನ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಶೋಭಾರಾಣಿ ಮಾತ್ರ ಅವನ ಕಾಲ ಬಳಿ ನಿಂತದ್ದೇ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕತೊಡಗಿದಳು. ನೆರೆದವರೆಲ್ಲ ಅತ್ತ ತಿರುಗಿದರು.

“ಒಡಹುಟ್ಟಿದೋಳು ಅತ್ತಂಗೆ ಅಳ್ತಾಳಲ್ಲೇ. ಯಾರೇ ಅದು?” ಎಂದಳು ಎದುರುಮನೆಯ ತಿಪ್ಪಮ್ಮ.

ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ತನಗೆ ಬಾರದ ಅಳು ಅವಳಿಗೆ ಎಲ್ಲಿಂದ ಬಂತು? ಚಂದ್ರಕ್ಕ ಗಂಡನ ಮೊಣಕೈಯ ಒಳಮಡಿಕೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಉಜ್ಜಿದಳು.

*

ಆ ಮಡಿಕೆಯಲ್ಲಿ ಹತ್ತಿ ಅಂಟಿಸಿಕೊಂಡು ಅವನು ಮೊದಲ ಸಲ ಮನೆಗೆ ಬಂದದ್ದು ತೊಂಬತ್ತೇಳರ ಬೇಸಿಗೆಯಲ್ಲಿ.

“ಶೋಭಾ ಮೇಡಮ್ಮರು ಸಂಶೋಧನೆ ಮಾಡ್ತಾವ್ರೆ. ರಕ್ತ ಕೊಟ್ಟೆ. ಎರಡು ಚಮಚ ಅಷ್ಟೆ,” ಎಂದ.

ಉಣ್ಣುತ್ತಾ ವಿವರಿಸಿದ. ರಕ್ತದಲ್ಲಿ ಬಿಳಿ ಕಣ ಇರುತ್ತವೆ, ರೋಗದ ಕ್ರಿಮಿ ಬಂದರೆ ನುಂಗುತ್ತವೆ. ಮೇಡಮ್ಮರು ಕ್ರಿಮಿ ಬೆಳೆಸಿ, ಬಿಸಿನೀರಲ್ಲಿಟ್ಟು ಸಾಯಿಸಿ, ತೊಳೆದು, ಅವನ ಕಣಗಳ ಜೊತೆ ಸೇರಿಸಿ ಅರ್ಧ ಗಂಟೆ ಬೆಚ್ಚಗಿಡುತ್ತಾರೆ. ಆಮೇಲೆ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ.

“ಸತ್ತಿರದ್ನ ತಿನ್ನಾದೇನ್ ದೊಡ್ಡಸ್ತಿಕೆ?” ಎಂದಳು ಚಂದ್ರಕ್ಕ.

“ಲೇ, ಬದುಕಿರವ ಬಿಟ್ರೆ ಎರಡಿದ್ದಿದ್ದು ನಾಕಾಗ್ತಾವೆ. ಎಷ್ಟ್ ತಿಂದ್ವು, ಎಷ್ಟ್ ಹುಟ್ಟಿದ್ವು ಗೊತ್ತಾಗಲ್ಲ. ಸತ್ತವು ಹಾಕಿದಷ್ಟೇ ಇರ್ತಾವೆ. ರಕ್ತ ಕೊಟ್ಟೋರಾಗೆಲ್ಲ ನನ್ನವೇ ಜಾಸ್ತಿ ತಿಂತಾವಂತೆ. ಒಂದೊಂದು ಏಳೇಳು!”

ಹೇಳಿ ನಕ್ಕ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವನು ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ.

ಗುರುವಾರ ಗುರುವಾರ ರಕ್ತ ಕೊಡುವುದು ರೂಢಿಯಾಯಿತು. ಆವತ್ತು ಇಸ್ತ್ರಿ ಮಾಡಿದ ಅಂಗಿ. ಬುಧವಾರ ರಾತ್ರಿ ನುಗ್ಗೆಸೊಪ್ಪಿನ ಸಾರು ಕೇಳಿ ಮಾಡಿಸಿಕೊಳ್ಳುತ್ತಿದ್ದ, ರಕ್ತಕ್ಕೆ ಒಳ್ಳೆಯದಂತೆ. ತಾನು ಸೋಸಿ ಬೇಯಿಸಿದ ಸೊಪ್ಪು ಆ ಹೆಂಗಸಿನ ಸೀಸೆ ಸೇರುತ್ತದೆ ಎಂದುಕೊಂಡಾಗಲೆಲ್ಲ ಚಂದ್ರಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು.

ಮುಂದಿನ ವರ್ಷ ಒಂದು ಗುರುವಾರ ಅವಳೂ ದುರ್ಗದ ಬಸ್ಸು ಹತ್ತಿದಳು. ಕೇಳಿಕೊಂಡು ಪ್ರಯೋಗಾಲಯದ ಬಾಗಿಲಿಗೆ ಬಂದಾಗ ಗಂಡ ತೋಳು ಮಡಚಿ ಕೂತಿದ್ದ. ಶೋಭಾರಾಣಿ ಅವನ ಕೈಗೆ ಟೀ ಲೋಟ ಕೊಡುತ್ತಿದ್ದಳು. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ಇವಳನ್ನು ಕಂಡು ಅವನ ನಗು ನಿಂತಿತು.

ಚಂದ್ರಕ್ಕ ನೆಟ್ಟಗೆ ಹೋಗಿ ಸ್ಟೂಲಿನ ಮೇಲೆ ಕೂತು ಕೈ ಚಾಚಿದಳು. “ನಂದೂ ತಕ್ಕಳ್ರಿ.”

“ಅಕ್ಕ, ಬೇಡ—”

“ಅವರದ್ದೇ ಆಗ್ಬೇಕಾ? ನಂದೇನ್ ನೀರಾ? ತಕ್ಕಳ್ರಿ ಅಂದ್ನಲ್ಲ!”

ಪಕ್ಕದ ಕೋಣೆಯ ಹುಡುಗಿಯರೆಲ್ಲ ಬಾಗಿಲಿಗೆ ಬಂದು ನಿಂತರು. ಶೋಭಾರಾಣಿ ರಕ್ತ ತೆಗೆದಳು. ಎರಡು ತಾಸಿನ ನಂತರ, “ಬರ್ರಿ, ನಿಮ್ಮ ಕಣಾನ ನೀವೇ ನೋಡ್ರಿ,” ಎಂದು ಸೂಕ್ಷ್ಮದರ್ಶಕದ ಬಳಿ ಕರೆದಳು.

“ನೀವ್ ಕಣ್ಣಿಟ್ಟಿದ್ರಾಗೆ ನಾನ್ ಕಣ್ಣಿಡಲ್ಲ,” ಎಂದು ಚಂದ್ರಕ್ಕ ಎದ್ದು ಬಂದಳು.

ಸಣ್ಣತಿಮ್ಮಪ್ಪ ಒಂದು ಮಾತೂ ಬೈಯಲಿಲ್ಲ. ಮರುವಾರ ಅರ್ಜಿ ಕೊಟ್ಟು ಕಾಲೇಜಿನ ಸ್ಟೋರಿಗೆ ಹೋದ. ಅಲ್ಲಿ ಬಾಟಲಿ, ಪೊರಕೆ, ಬಲ್ಬು. ಗುರುವಾರ ಇಸ್ತ್ರಿ ಬೇಕಿರಲಿಲ್ಲ. ಗೆದ್ದೆ ಎಂದುಕೊಂಡಳು ಚಂದ್ರಕ್ಕ. ಆದರೆ ಅವನು ಆ ನಗುವನ್ನು ಮತ್ತೆ ಮನೆಗೆ ತರಲಿಲ್ಲ.

*

ಹೊಲದ ಬದುವಿನಲ್ಲಿ ಗುಂಡಿ ತೋಡಿದ್ದರು. ಮಗಳು ಮೇಘಶ್ರೀ ಮಣ್ಣು ಹಾಕಿ ಹಿಂದೆ ಸರಿದಳು. ಶೋಭಾರಾಣಿ ಹಿಡಿಮಣ್ಣಿಗೆ ಬಗ್ಗಿದ್ದನ್ನು ಕಂಡು ಚಂದ್ರಕ್ಕ ಎಲ್ಲರಿಗೂ ಕೇಳುವಂತೆ, “ಅವ್ರು ಕೊನೇಗ್ ಹಾಕ್ಲಿ,” ಎಂದಳು. ಶೋಭಾರಾಣಿ ಊರವರೆಲ್ಲ ಮುಗಿಸುವ ತನಕ ಬಿಸಿಲಲ್ಲಿ ಕಾದು, ಕೊನೆಗೆ ಹಾಕಿದಳು.

ಮನೆಗೆ ಬಂದು ದೀಪ ನೋಡಿ, ಪದ್ಧತಿಯಂತೆ ಹೋಗಿ ಬರ್ತೀನಿ ಎನ್ನದೆ ಹೊರಟ ಶೋಭಾರಾಣಿಯನ್ನು ಚಂದ್ರಕ್ಕನೇ ಹಿತ್ತಿಲ ಬಾಗಿಲಲ್ಲಿ ತಡೆದಳು.

“ನಿಂತ್ಕಳ್ರಿ. ಅಲ್ಲಿ ಕುಂತು ಏನ್ ಮಾತಾಡ್ತಿದ್ರು ಅವ್ರು? ನನ್ ಸುದ್ದಿ ಆಡ್ತಿದ್ರಾ?”

ಶೋಭಾರಾಣಿ ತಿರುಗಿ ನಿಂತಳು.

“ಇಲ್ಲ ಚಂದ್ರಕ್ಕ. ಮನೆ ಮಾತು ಆಡ್ತಿರ್ಲಿಲ್ಲ. ಬರೀ ಕಣದ ಮಾತೇ. ‘ಇದ್ಕೆ ಹೊಟ್ಟೆ ತುಂಬೈತೆ ಮೇಡಮ್, ಇದಿನ್ನೂ ಹಸ್ಕಂಡೈತೆ’ ಅನ್ನೋರು. ನಾನು ಎಣಿಸಿದ್ದನ್ನ ಮತ್ತೆ ಎಣಿಸೋರು. ಎಷ್ಟೋ ಸಲ ನಂದೇ ತಪ್ಪಿರೋದು.”

ಹೌದು, ಆಡುತ್ತಿದ್ದರು ಎಂದಿದ್ದರೆ ಚಂದ್ರಕ್ಕ ಅವಳನ್ನು ಅಲ್ಲಿಂದಲೇ ಅಟ್ಟುತ್ತಿದ್ದಳು.

“ಸ್ಟೋರಿಗ್ ಹೋದ್ ಮ್ಯಾಲೆ?”

“ನಮ್ಮ ಕಡೆ ಬರ್ಲೇ ಇಲ್ಲ. ನಾನೂ ಕರೀಲಿಲ್ಲ. ಕರೀಬೇಕಿತ್ತೇನೋ. ಮರುವರ್ಷ ನನಗೆ ದಾವಣಗೆರೆಗೆ ಕೆಲಸ ಆಯ್ತು.”

ಆಟೋದವನು ಹಾರ್ನ್ ಹಾಕಿದ. ಚಂದ್ರಕ್ಕ ಅಲ್ಲಾಡಲಿಲ್ಲ.

“ಹೆಂಗ್ ಕಾಣ್ತಿದ್ವು?”

“ಏನು?”

“ಅವರವು. ಆ ಕಣ.”

ಶೋಭಾರಾಣಿ ಕಡ್ಡಿಯೊಂದನ್ನು ಎತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು ಹಿತ್ತಿಲ ಹುಡಿಮಣ್ಣಿನಲ್ಲಿ ಒಂದು ಗುಂಡು ಬರೆದಳು. ಅಂಚು ಅಲ್ಲಲ್ಲಿ ಉಬ್ಬಿತ್ತು. “ಹಿಂಗೆ. ನುಂಗಿದ ಕ್ರಿಮಿ ಒಳಗೆ ಚುಕ್ಕೆ ಚುಕ್ಕೆ—” ಎಂದು ಮೊದಲ ಚುಕ್ಕೆ ಇಡಹೋದಾಗ ಚಂದ್ರಕ್ಕ ಕಡ್ಡಿ ಕಿತ್ತುಕೊಂಡಳು.

“ಕೊಡ್ರಿ. ನಾನ್ ಇಡ್ತೀನಿ.”

ಕಡ್ಡಿಯನ್ನು ಬದಿಗೆಸೆದು ಬೆರಳಿನಿಂದಲೇ ಒತ್ತಿದಳು. ಒಂದು, ಎರಡು. ಏಳನೆಯದಕ್ಕೆ ಜಾಗ ಹುಡುಕಿ ಒತ್ತಿ, ಬೆರಳು ತೆಗೆಯದೆ ಹಾಗೇ ಕೂತಳು. ಶೋಭಾರಾಣಿ ಎದ್ದು ಹೋದದ್ದು, ಆಟೋ ಸದ್ದು ಓಣಿ ದಾಟಿದ್ದು ಅವಳಿಗೆ ಗೊತ್ತಾಗಲಿಲ್ಲ.

“ಚಂದ್ರಕ್ಕ, ನೀರ್ ಕಾದೈತೆ, ಸ್ನಾನಕ್ಕೇಳು,” ಎನ್ನುತ್ತಾ ತಿಪ್ಪಮ್ಮ ಇನ್ನಿಬ್ಬರೊಡನೆ ಹಿತ್ತಿಲಿಗೆ ಬಂದಳು. “ಏನೇ ಅದು, ನೆಲದ್ ಮ್ಯಾಲೆ?”

ಚಂದ್ರಕ್ಕ ಸರ್ರನೆ ಸೆರಗು ಎಳೆದು ಅದರ ಮೇಲೆ ಹರಡಿದಳು. “ಏನಿಲ್ಲ. ನೀವ್ ನಡೀರಿ,” ಎಂದು, ಹೆಜ್ಜೆಗಳು ಅತ್ತ ಸರಿಯುವ ತನಕ ಎರಡೂ ಕೈಯಲ್ಲಿ ಸೆರಗಿನ ಅಂಚನ್ನು ನೆಲಕ್ಕೆ ಒತ್ತಿ ಹಿಡಿದು ಕೂತಳು.