ಗರಸಿನ ಹೊಲಕ್ಕೆ ಕೆರೆಗೋಡು

ಅರಿಶಿನ ಕುಂಕುಮಕ್ಕೆಂದು ಅಪ್ಪ ನನಗೆ ಕೊಟ್ಟದ್ದು ಹರಿಹರದ ಆಚೆ ಒಂದೂವರೆ ಎಕರೆ ಗರಸು ನೆಲ. ನೇಗಿಲು ಹೂಡಿದರೆ ಬರೀ ಕಲ್ಲು. ಎರೆಭೂಮಿಯನ್ನೆಲ್ಲ ಅಣ್ಣಂದಿರಿಗೆ ಇಟ್ಟು, ಮಗಳಿಗೂ ಭೂಮಿ ಕೊಟ್ಟೆ ಅನ್ನಿಸಿಕೊಂಡ ಪುಣ್ಯಾತ್ಮ. ನಮ್ಮ ಯಜಮಾನರು ಅದನ್ನು ಆಡಿಕೊಂಡು ಇಪ್ಪತ್ತು ವರ್ಷ ನಕ್ಕರು.

“ನಿಮ್ಮಪ್ಪ ಕೊಟ್ಟಿದ್ದು ಹೊಲ ಅಲ್ಲ ಗುರುಶಾಂತಾ, ರಸ್ತೆಗೆ ಹಾಕೋ ಜಲ್ಲಿ.”

ನಗಲಿ ಎಂದು ಬಿಟ್ಟೆ. ತೊಂಬತ್ತೆರಡರಲ್ಲಿ ತೋಟಗಾರಿಕೆಯವರೊಬ್ಬರು ಪಕ್ಕದ ಹೊಲಕ್ಕೆ ಬಂದಿದ್ದರು. ನನ್ನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು, “ಅಮ್ಮಾ, ಇದು ದ್ರಾಕ್ಷಿಗೆ ಹೇಳಿ ಮಾಡಿಸಿದ ನೆಲ. ನೀರು ನಿಲ್ಲಲ್ಲ, ಬೇರು ಆಳಕ್ಕೆ ಇಳೀತಾವೆ. ಬಳ್ಳಿ ಸ್ವಲ್ಪ ಬಡತನದಾಗೆ ಬೆಳೆದ್ರೇನೆ ಹಣ್ಣು ಸಿಹಿ” ಎಂದರು. ನಂಬಿದೆ. ಬಳೆ ಮಾರಿ ಕಲ್ಲುಕಂಬ, ತಂತಿ, ಬೋರು ಎಲ್ಲ ಮಾಡಿಸಿದೆ.

ಎರಡನೇ ವರ್ಷಕ್ಕೇ ಹಣ್ಣು ಬಂತು. ಕಾಳು ಸಣ್ಣದು, ಆದರೆ ತಿಂದರೆ ಬೆರಳು ಅಂಟುತ್ತಿತ್ತು. ದಾವಣಗೆರೆಯ ಹಣ್ಣಿನ ವ್ಯಾಪಾರಿ ಮಕ್ತುಮ್ ಸಾಬ್ ಒಂದು ಬಾಯಿಗೆ ಹಾಕಿಕೊಂಡು, “ಅಮ್ಮಾರೇ, ಈ ಹಣ್ಣು ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ” ಎಂದರು. ಆಮೇಲೆ ಪ್ರತಿ ವರ್ಷ ಶಿವರಾತ್ರಿ ಹೊತ್ತಿಗೆ ಅವರ ಲಾರಿ ನನ್ನ ಹೊಲದ ಬದುವಿಗೇ ಬರುತ್ತಿತ್ತು. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ದ್ರಾಕ್ಷಿ ಗುರುಶಾಂತಮ್ಮ ಎಂದೇ ಕರೆಯುತ್ತಿದ್ದರು. ಇವರನ್ನು ದ್ರಾಕ್ಷಿ ಗುರುಶಾಂತಮ್ಮನ ಗಂಡ ಎನ್ನುತ್ತಿದ್ದರು. ಅದನ್ನು ಕೇಳಿ ನಾನು ನಗುತ್ತಿದ್ದೆ. ಇವರು ನಗುತ್ತಿರಲಿಲ್ಲ, ಅದು ನನಗೆ ಕಾಣಲಿಲ್ಲ.

ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಬತ್ತಿತೆಂದರೆ ಒಳಗಿನ ಕರಿ ಹೂಳು, ಅದೇ ಕೆರೆಗೋಡು, ಹೊಲಕ್ಕೆ ಹೊಡೆಸುವುದು ರೂಢಿ. ಹೆಚ್ಚು ಲೋಡು ಹೊಡೆಸಿದವನೇ ದೊಡ್ಡ ಒಕ್ಕಲಿಗ, ಹೊಡೆಸದವನು ಮೈಗಳ್ಳ. ಪ್ರತಿ ಬೇಸಿಗೆಗೂ ಇವರಿಗೆ ಕೈ ತುರಿಸುತ್ತಿತ್ತು.

“ನಿನ್ ಹೊಲಕ್ಕೂ ಒಂದಿಷ್ಟು ಗೋಡು ಹೊಡೆಸ್ಲಾ?”

“ಬ್ಯಾಡ್ರಿ. ಅದು ನೀರು ಹಿಡೀತೈತೆ. ಬಳ್ಳಿ ಸೊಕ್ಕಿ ಬರೀ ಎಲೆ ಬಿಡ್ತೈತೆ, ಹಣ್ಣು ಸಪ್ಪೆ ಆಗ್ತೈತೆ.”

ಹೂಂ ಎನ್ನುತ್ತಿದ್ದರು. ಒಂದು ಸಲವಲ್ಲ, ಮೂರು ಸಲ ಹೇಳಿದ್ದೇನೆ.

ತೊಂಬತ್ತೇಳರ ಮೇ ತಿಂಗಳು ಮಗಳು ನೇತ್ರಾವತಿಯ ಹೆರಿಗೆ. ಡಾಕ್ಟರು ಪ್ರಯಾಣ ಬೇಡವೆಂದರು, ಹಾಗಾಗಿ ತವರಿಗೆ ಕರೆತರುವ ಬದಲು ನಾನೇ ದಾವಣಗೆರೆಯ ಸರಸ್ವತಿ ನಗರದ ಅವಳ ಮನೆಯಲ್ಲಿ ನಲವತ್ತು ದಿನ ಇದ್ದೆ. ವಾಪಸ್ಸು ಬಂದು ನೋಡಿದರೆ ನನ್ನ ಕೆಂಪು ಹೊಲ ಕಪ್ಪಗೆ ಬಿದ್ದಿತ್ತು. ಎಂಬತ್ತು ಲೋಡು! ಇವರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದರು.

“ನೋಡು, ನೀ ಬರೋದ್ರೊಳಗೆ ಎಲ್ಲಾ ಮುಗಿಸಿಬಿಟ್ಟೆ.”

ಆಳು ಕರೆಸಿ ಕೆರೆಸಿದೆ. ಆಗಲೇ ಎರಡು ದೊಡ್ಡ ಮಳೆ ಬಿದ್ದು ಗೋಡು ಕಲ್ಲಿನ ಸಂದಿಗೆಲ್ಲ ಇಳಿದಿತ್ತು. ಹೆಪ್ಪು ಹಾಕಿದ ಹಾಲಿನಿಂದ ಮಜ್ಜಿಗೆ ಹೊರಗೆ ತೆಗೆಯಲಾದೀತೇ?

ದೀಪಾವಳಿ ದಾಟುವಷ್ಟರಲ್ಲಿ ಒಂದೊಂದು ಎಲೆಯೂ ಮುತ್ತುಗದ ಎಲೆಯಷ್ಟು. ದಾರಿಯಲ್ಲಿ ಹೋಗುವವರೆಲ್ಲ, “ಬಕ್ಕೇಶಪ್ಪಾರು ಕೈ ಇಟ್ರು ನೋಡು, ಹೆಂಗೆ ಹಬ್ಬೈತೆ” ಎಂದು ಇವರನ್ನು ಕೊಂಡಾಡಿದರು. ಹಣ್ಣು ದಪ್ಪಗೆ ಊದಿಕೊಂಡು ಬಂತು, ಒಳಗೆ ಬರೀ ನೀರು. ಅರ್ಧ ಗೊನೆ ಬಳ್ಳಿಯಲ್ಲೇ ಬಿರಿದು ಬೂಷ್ಟು ಹಿಡಿಯಿತು. ಮಕ್ತುಮ್ ಸಾಬರು ಒಂದು ಬಾಯಿಗೆ ಹಾಕಿಕೊಂಡು, ನನಗೆ ಕಾಣದಂತೆ ಆಚೆ ತಿರುಗಿ ಉಗುಳಿದರು.

“ಅಮ್ಮಾರೇ, ಇದು ನಿಮ್ ಹಣ್ಣಲ್ಲ.”

ಲಾರಿ ಖಾಲಿ ಹೋಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನನಗೆ ದೇವರೂ ಕೊಟ್ಟಿರಲಿಲ್ಲ, ನಾನೇ ಮಾಡಿಕೊಂಡಿದ್ದೆ. ಆದರೂ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ತಿಳಿಯದೆ ಮಾಡಿದರು, ಒಳ್ಳೆಯದಾಗಲಿ ಎಂದೇ ಮಾಡಿದರು ಎಂದುಕೊಂಡೆ.

ಮುಂದಿನ ಮುಂಗಾರಿಗೆ ಬೇರು ಕೊಳೆತವು. ಇವರು ಬಳ್ಳಿಗಳನ್ನು ಕೀಳಿಸಿ ಮೆಕ್ಕೆಜೋಳ ಬಿತ್ತಿದರು. ಆಳೆತ್ತರ ಬೆಳೆಯಿತು. ಮುರಿಯುವ ದಿನ ಊರಿನ ನಾಲ್ಕು ಜನ ಬಂದು, “ಬಕ್ಕೇಶಪ್ಪ ಗರಸಿನಾಗೆ ಬಂಗಾರ ಬೆಳೆದ” ಎಂದು ಹೊಗಳಿ, ನಾನು ಮಾಡಿದ ಹೋಳಿಗೆ ತಿಂದು ಹೋದರು. ನನ್ನ ದ್ರಾಕ್ಷಿಗೆ ಈ ಊರಿನವರು ಒಂದು ದಿನವೂ ಇಷ್ಟು ಹೇಳಿರಲಿಲ್ಲ.

ಅವರು ಹೋದ ಮೇಲೆ ಇವರು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದರು. ಕೇಳಿಯೇಬಿಟ್ಟೆ.

“ಗೋಡು ಹಾಕಬ್ಯಾಡ್ರಿ ಅಂತ ಹೇಳಿದ್ನಲ್ರಿ ನಾನು?”

“ಹೇಳಿದ್ದೆ.”

“ಹಣ್ಣು ಕೆಡ್ತೈತೆ ಅಂತ ಗೊತ್ತಿತ್ತಲ್ಲ ನಿಮಗೆ?”

“ಗೊತ್ತಿತ್ತು.”

“ಮತ್ತೆ ಯಾಕ ಹಾಕಿದ್ರಿ?”

ಎರಡೂ ಕಾಲು ಒರೆಸಿಕೊಂಡು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು.

“ನಿನ್ನ ಹೊಲದಾಗೆ ಕೂಲಿಯವನಂಗೆ ನಿಂತೆ ನಾನು, ಇಷ್ಟು ವರ್ಷ. ಈಗ ನಮ್ಮ ಹೊಲ ಆತು. ಊಟಕ್ಕೆ ನೀಡು.”

ನೀಡಿದೆ. ನೀಡದೆ ಎಲ್ಲಿಗೆ ಹೋಗಲಿ? ಆವತ್ತಿನಿಂದ ಆ ಹೊಲಕ್ಕೆ ಕಾಲಿಟ್ಟಿಲ್ಲ. ಪಹಣಿ ಮಾತ್ರ ಇನ್ನೂ ನನ್ನ ಹೆಸರಲ್ಲೇ ಇದೆ.